ನಾಲ್ಕು ಆ್ಯಪ್‌ಗೆ ದುಡ್ಡು ಕಟ್ಟಿದರೂ ಬೇಕಾದ ಸಿನಿಮಾ ಸಿಗಲ್ಲ, ಯಾಕೆ ಹೀಗೆ?

ಶಿರಾಗೇಟ್_07

ತುಮಕೂರಿನ ಕಡೆಯವರೇ ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಎರಡು ಸೀರಿಯಲ್ ಬೇಕು. ಒಂದು ಜೀ5ನಲ್ಲಿ, ಇನ್ನೊಂದು ಜಿಯೋಹಾಟ್‌ಸ್ಟಾರ್‌ನಲ್ಲಿ. ಅಪ್ಪನಿಗೆ ಐಪಿಎಲ್ ಬಿಟ್ಟರೆ ಪ್ರಪಂಚದಲ್ಲಿ ಏನಿದ್ದರೂ ಬೇಡ. ತಮ್ಮನಿಗೆ ಕೊರಿಯನ್ ಸೀರೀಸ್ ಹುಚ್ಚು, ಅದಕ್ಕೆ ನೆಟ್‌ಫ್ಲಿಕ್ಸ್. ನನಗೆ ಕನ್ನಡ ಸಿನಿಮಾ, ಅದು ಬಹುಪಾಲು ಅಮೆಜಾನ್ ಪ್ರೈಮ್. ಲೆಕ್ಕ ಹಾಕಿದರೆ ಹಿಂದಿನ ಕೇಬಲ್ ಬಿಲ್‌ಗಿಂತ ಎಷ್ಟೋ ಜಾಸ್ತಿ ಆಗುತ್ತಿದೆ.

ಅಷ್ಟೆಲ್ಲಾ ಕಟ್ಟಿದ ಮೇಲೂ ಮೊನ್ನೆ ಭಾನುವಾರ ಒಂದು ಆ್ಯಪ್‌ನಲ್ಲಿ ಹೊಸ ಕನ್ನಡ ಸಿನಿಮಾದ ಪೋಸ್ಟರ್ ಕಾಣಿಸಿತು, ಎಲ್ಲರೂ ಊಟದ ತಟ್ಟೆ ಹಿಡಿದು ಕೂತೆವು, ಒತ್ತಿದರೆ ಬಾಡಿಗೆ ಕಟ್ಟಿ ಅಂತ ಬಂತು. ವರ್ಷದ ಚಂದಾ ಕಟ್ಟಿದ್ದೀನಲ್ಲ, ಮತ್ತೆ ಬಾಡಿಗೆ ಯಾಕೆ ಅಂತ ಅಪ್ಪ ನನ್ನನ್ನೇ ಬೈದರು. ಆರ್‌ಆರ್‌ಆರ್ ಇನ್ನೂ ವಿಚಿತ್ರ. ಕನ್ನಡದಲ್ಲಿ ನೋಡಬೇಕಾದರೆ ಒಂದು ಆ್ಯಪ್, ಹಿಂದಿಯಲ್ಲಿ ನೋಡಬೇಕಾದರೆ ಇನ್ನೊಂದು. ಒಂದೇ ಸಿನಿಮಾ ತಾನೇ? ಯಾರಿಗಾದರೂ ಇದರ ಒಳಗುಟ್ಟು ಗೊತ್ತಿದ್ದರೆ ಹೇಳಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ

ಒಳಗುಟ್ಟು ಏನಿಲ್ಲ ಗುರು. ಟೆಲಿಗ್ರಾಂನಲ್ಲಿ ಎಲ್ಲಾ ಒಂದೇ ಕಡೆ ಸಿಗುತ್ತೆ 😄

ಅಡ್ಮಿನ್

ತಮಾಷೆ ಸಾಕು. ಕದ್ದ ಪ್ರಿಂಟ್‌ನ ಲಿಂಕ್ ಹಾಕಿದರೆ ಅಳಿಸುತ್ತೇನೆ, ಮೊದಲೇ ಹೇಳಿದ್ದೇನೆ.

ಕೇಬಲ್_ಅಣ್ಣ_ತಿಪಟೂರು

ಶಿರಾಗೇಟ್ ಅವರೇ, ನಾನು ಮೊದಲು ಕೇಬಲ್ ನಡೆಸುತ್ತಿದ್ದೆ, ಈಗ ಫೈಬರ್. ನಿಮ್ಮ ಪ್ರಶ್ನೆಯನ್ನ ದಿನಾ ಯಾರಾದರೂ ಒಬ್ಬರು ಕೌಂಟರ್ ಹತ್ತಿರ ಬಂದು ಕೇಳುತ್ತಾರೆ. ಆ್ಯಪ್‌ನವರು ಸಿನಿಮಾ ಕೊಂಡುಕೊಳ್ಳುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಹೆಚ್ಚಿನ ಸಲ ಕೊಂಡುಕೊಳ್ಳಲ್ಲ, ಗುತ್ತಿಗೆಗೆ ಹಿಡಿಯುತ್ತಾರೆ. ಇಷ್ಟು ವರ್ಷ, ಇಂಥ ದೇಶಗಳಲ್ಲಿ, ಇಂಥ ಭಾಷೆಯಲ್ಲಿ, ಬೇರೆ ಯಾರಿಗೂ ಕೊಡಬಾರದು ಅಥವಾ ಕೊಡಬಹುದು, ಹೀಗೆ ಒಂದೊಂದೂ ಬೇರೆ ಬೇರೆ ಕಲಂ. ತೆಂಗಿನ ತೋಟದಲ್ಲಿ ಕಾಯಿ ಒಬ್ಬನಿಗೆ, ಸೋಗೆ ಇನ್ನೊಬ್ಬನಿಗೆ, ಮಧ್ಯದ ಬಾಳೆ ಮತ್ತೊಬ್ಬನಿಗೆ ಗುತ್ತಿಗೆ ಕೊಡಲ್ವಾ, ಹಾಗೆ. ತೋಟ ಯಜಮಾನನದ್ದೇ.

ಆರ್‌ಆರ್‌ಆರ್‌ನಲ್ಲಿ ಆಗಿದ್ದೂ ಇದೇ. 2022ರ ಮೇನಲ್ಲಿ ಹಿಂದಿ ಮಾತ್ರ ನೆಟ್‌ಫ್ಲಿಕ್ಸ್‌ಗೆ ಹೋಯಿತು. ತೆಲುಗು, ಕನ್ನಡ, ತಮಿಳು, ಮಲಯಾಳಂ ಜೀ5ಗೆ ಹೋದವು. ನಮ್ಮ ಕಾಂತಾರವೂ ಹಾಗೇ. ಕನ್ನಡ 2022ರ ನವೆಂಬರ್ 24ಕ್ಕೆ ಪ್ರೈಮ್‌ಗೆ ಬಂತು, ಹಿಂದಿ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ. ನಿರ್ಮಾಪಕರಿಗೆ ಎರಡು ಕಡೆಯಿಂದ ದುಡ್ಡು ಬರುತ್ತದೆ, ಅವರ ಲೆಕ್ಕದಲ್ಲಿ ತಪ್ಪೇನಿಲ್ಲ.

ಬಾಡಿಗೆ ವಿಷಯ ಹೇಳುತ್ತೇನೆ. ಚಂದಾದಾರರಿಗೆಲ್ಲಾ ತೋರಿಸುವ ಹಕ್ಕು ಬೇರೆ, ಒಂದೊಂದು ಸಲಕ್ಕೆ ದುಡ್ಡು ತೆಗೆದುಕೊಳ್ಳುವ ಹಕ್ಕು ಬೇರೆ. ಕೆಜಿಎಫ್ ಎರಡನೇ ಭಾಗ ನೆನಪಿದೆಯಾ? 2022ರ ಮೇ ಮಧ್ಯದಲ್ಲಿ ಪ್ರೈಮ್‌ನಲ್ಲಿ ಮೊದಲು 199 ರೂಪಾಯಿ ಬಾಡಿಗೆಗೆ ಬಿಟ್ಟರು. ಜೂನ್ 3ರಿಂದ ಚಂದಾದಾರರಿಗೆಲ್ಲಾ ಸಿಕ್ಕಿತು. ಅವಸರ ಇದ್ದವನ ಹತ್ತಿರ ಮೊದಲು, ಕಾಯುವವನಿಗೆ ಆಮೇಲೆ.

ಪುಷ್‌ಪುಲ್_ಪ್ಯಾಸೆಂಜರ್

ಅಣ್ಣ, ಇದಕ್ಕೂ ಉತ್ತರ ಹೇಳಿ. ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ಟ್ರೈನ್‌ನಲ್ಲಿ ಹೋಗುವವನು. ಹಿರೇಹಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ಬಂದರೆ ಬಂತು ಹೋದರೆ ಹೋಯಿತು, ಅದಕ್ಕೆ ರಾತ್ರಿನೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ. ಅರ್ಧ ಸಿನಿಮಾ ನೋಡಿ ಬಿಟ್ಟು ವಾರಾಂತ್ಯ ಕಳೆದು ಸೋಮವಾರ ತೆಗೆದರೆ ಅವಧಿ ಮುಗಿದಿದೆ ಅಂತ ತೋರಿಸುತ್ತದೆ. ನನ್ನ ಫೋನು, ನನ್ನ ಡೇಟಾ, ನಾನು ಕಟ್ಟಿದ ದುಡ್ಡು!

ಕೇಬಲ್_ಅಣ್ಣ_ತಿಪಟೂರು

ಅದೂ ಗುತ್ತಿಗೆ ಕಾಗದದಲ್ಲಿರುವ ಷರತ್ತೇ. ಪ್ರೈಮ್‌ನಲ್ಲಿ ಡೌನ್‌ಲೋಡ್ ಮಾಡಿದ್ದನ್ನ ಒಂದು ಸಲ ನೋಡೋಕೆ ಶುರು ಮಾಡಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು. ನೆಟ್‌ಫ್ಲಿಕ್ಸ್‌ನಲ್ಲೂ ಕೆಲವಕ್ಕೆ ಹಾಗೇ ಇದೆ. ಅವರದೇ ಪೂರ್ತಿ ಹಕ್ಕು ಇರುವುದಕ್ಕೆ ಸ್ವಲ್ಪ ಸಡಿಲ, ಬೇರೆಯವರಿಂದ ತಂದಿದ್ದಕ್ಕೆ ಬಿಗಿ. ಶುಕ್ರವಾರ ಸಂಜೆ ಹೊಸದು ಶುರು ಮಾಡಬೇಡಿ, ಅಷ್ಟೇ 😀

ಅಮಾನಿಕೆರೆ_ವಾಕರ್

ನಾನು ಕಾಮರ್ಸ್ ಮೇಷ್ಟ್ರಾಗಿದ್ದವನು, ಈಗ ನಿವೃತ್ತಿ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸಿನಿಮಾಗಳು ಹೀಗೆ ಬೇರೆ ಬೇರೆ ಆ್ಯಪ್‌ಗೆ ಚದುರಿಹೋಗುವುದು ಶುರುವಾಗಿದ್ದು ಅಮೆರಿಕದಲ್ಲಿ. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ಕಂಪನಿ. 2007ರಲ್ಲಿ ಇಂಟರ್ನೆಟ್‌ನಲ್ಲಿ ತೋರಿಸಲು ಶುರು ಮಾಡಿತು. ಆಗ ಸ್ಟುಡಿಯೋಗಳಿಗೆ ಇದೊಂದು ಚಿಲ್ಲರೆ ವ್ಯಾಪಾರ. 2008ರಲ್ಲಿ ಸ್ಟಾರ್ಜ್ ಅನ್ನುವ ಚಾನೆಲ್ ತನ್ನ ಹತ್ತಿರ ಇದ್ದ ಸಿನಿಮಾಗಳನ್ನ ನೆಟ್‌ಫ್ಲಿಕ್ಸ್‌ಗೆ ಕೊಟ್ಟಿತು, ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ಜನ ಅದಕ್ಕೆ ಮುಗಿಬಿದ್ದರು. ಒಪ್ಪಂದ ಮುಗಿಯುವ ಹೊತ್ತಿಗೆ ಸ್ಟಾರ್ಜ್‌ಗೆ ತನ್ನ ಸರಕಿನ ಬೆಲೆ ಅರ್ಥವಾಗಿತ್ತು, ಮುಂದುವರಿಸಲಿಲ್ಲ. 2012ರ ಫೆಬ್ರವರಿ ಕೊನೆಗೆ ಅಷ್ಟೂ ಸಿನಿಮಾ ನೆಟ್‌ಫ್ಲಿಕ್ಸ್‌ನಿಂದ ಮಾಯ.

ಬಾಡಿಗೆ ಅಂಗಡಿ ಇಟ್ಟವನಿಗೆ ಮಾಲೀಕ ಯಾವಾಗ ಬೇಕಾದರೂ ಖಾಲಿ ಮಾಡು ಅನ್ನಬಹುದು ಅಂತ ಅವರಿಗೆ ಗೊತ್ತಾಗಿದ್ದು ಆಗ. 2013ರಲ್ಲಿ ಹೌಸ್ ಆಫ್ ಕಾರ್ಡ್ಸ್ ತಂದರು. ಬೇರೆಲ್ಲೂ ಸಿಗಲ್ಲ, ನೋಡಬೇಕಾದರೆ ಇಲ್ಲೇ ಬನ್ನಿ ಅನ್ನುವ ಧಂದೆ ಅಲ್ಲಿಂದ ಜೋರಾಯಿತು. ತಮಾಷೆ ಏನೆಂದರೆ ಆ ಸೀರೀಸ್ ಕೂಡ ನೆಟ್‌ಫ್ಲಿಕ್ಸ್‌ನ ಸ್ವಂತದ್ದಲ್ಲ, ಬೇರೆ ನಿರ್ಮಾಣ ಕಂಪನಿಯಿಂದ ಲೈಸೆನ್ಸ್ ಪಡೆದದ್ದು.

ಆಮೇಲೆ ಸ್ಟುಡಿಯೋಗಳು ಎಚ್ಚೆತ್ತವು. ಡಿಸ್ನಿ 2017ರ ಆಗಸ್ಟ್‌ನಲ್ಲಿ ನಮ್ಮ ಸಿನಿಮಾ ವಾಪಸ್ ತೆಗೆದುಕೊಳ್ಳುತ್ತೇವೆ, ನಮ್ಮದೇ ಸೇವೆ ಶುರು ಮಾಡುತ್ತೇವೆ ಅಂತ ಘೋಷಿಸಿತು. 2019ರ ನವೆಂಬರ್‌ನಲ್ಲಿ ಶುರುವೂ ಮಾಡಿತು. ಫ್ರೆಂಡ್ಸ್ ಧಾರಾವಾಹಿ ಐದು ವರ್ಷಕ್ಕೆ ಸುಮಾರು 42.5 ಕೋಟಿ ಡಾಲರ್‌ಗೆ ವಾರ್ನರ್‌ನವರ ಎಚ್‌ಬಿಒ ಮ್ಯಾಕ್ಸ್‌ಗೆ ಹೋಯಿತು. ದಿ ಆಫೀಸ್ ಐದು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್‌ಗೆ ಎನ್‌ಬಿಸಿ ಯೂನಿವರ್ಸಲ್‌ನವರ ಸೇವೆಗೆ. ಇವೆರಡೂ ಹೊಸದಾಗಿ ತೆಗೆದವಲ್ಲ, ಎಂದೋ ಮುಗಿದುಹೋದ ಧಾರಾವಾಹಿಗಳು. ಇನ್ನೂ ನೋಡಿ, ಆ ದುಡ್ಡು ಕೊಟ್ಟ ಕಂಪನಿ ಮತ್ತು ಪಡೆದ ಕಂಪನಿ ಬಹುತೇಕ ಒಂದೇ ಮನೆಯವು. ಬಲಗೈಯಿಂದ ಎಡಗೈಗೆ. ಆದರೂ ಬೆಲೆ ಕಟ್ಟಲೇಬೇಕು, ಯಾಕೆಂದರೆ ಲಾಭದಲ್ಲಿ ಪಾಲಿರುವ ಕಲಾವಿದರು, ಬರಹಗಾರರು ಇರುತ್ತಾರೆ.

ನಾನು ಬೇಸರಪಡುವುದು ಒಂದಕ್ಕೆ. ಎರಡು ಕಂಪನಿ ಪೈಪೋಟಿಗೆ ಬಿದ್ದರೆ ಬೆಲೆ ಇಳಿಯುತ್ತದೆ ಅಂತ ಮೂವತ್ತು ವರ್ಷ ಪಾಠ ಮಾಡಿದೆ. ಸೋಪಿನಲ್ಲಿ, ಬಿಸ್ಕತ್ತಿನಲ್ಲಿ ಇಳಿಯುತ್ತದೆ. ಇಲ್ಲಿ ಒಂದು ಅಂಗಡಿಯಲ್ಲಿರುವುದು ಇನ್ನೊಂದರಲ್ಲಿ ಇರುವುದೇ ಇಲ್ಲ. ಅಂಗಡಿ ಹೆಚ್ಚಾದಷ್ಟೂ ಗಿರಾಕಿಯ ಖರ್ಚು ಹೆಚ್ಚು.

ಬಟವಾಡಿ_ಬ್ಯಾಟ್ಸ್‌ಮನ್

ಮೇಷ್ಟ್ರೇ, ಅಮೆರಿಕ ಯಾಕೆ, ನಮ್ಮ ಐಪಿಎಲ್ ಕಥೆನೇ ಸಾಕು. 2018ರಿಂದ 2022ರವರೆಗೆ ಟೀವಿ, ಡಿಜಿಟಲ್ ಎಲ್ಲಾ ಸೇರಿ ಸ್ಟಾರ್‌ನವರು 16,347.5 ಕೋಟಿ ರೂಪಾಯಿಗೆ ತೆಗೆದುಕೊಂಡಿದ್ದರು. 2022ರ ಜೂನ್‌ನಲ್ಲಿ ಬಿಸಿಸಿಐ ಹಕ್ಕನ್ನ ಪ್ಯಾಕೇಜ್ ಪ್ಯಾಕೇಜ್ ಆಗಿ ಒಡೆದು ಹರಾಜು ಹಾಕಿತು. ಐದು ವರ್ಷಕ್ಕೆ ಒಟ್ಟು 48,390 ಕೋಟಿ! ಟೀವಿ ಡಿಸ್ನಿ ಸ್ಟಾರ್‌ಗೆ 23,575 ಕೋಟಿ. ಭಾರತದ ಡಿಜಿಟಲ್ ವಯಾಕಾಮ್18ಗೆ 23,758 ಕೋಟಿ. ಮೊಬೈಲ್‌ನಲ್ಲಿ ನೋಡುವ ಹಕ್ಕಿಗೆ ಟೀವಿಗಿಂತ ಜಾಸ್ತಿ ಬಂತು ಅಂದರೆ ನೋಡಿ.

ಆಮೇಲೆ ವಯಾಕಾಮ್18ನವರು ಏನು ಮಾಡಿದರು? 2023ರಲ್ಲಿ ತಮ್ಮ ಜಿಯೋಸಿನಿಮಾದಲ್ಲಿ ಪುಕ್ಕಟೆ ಬಿಟ್ಟರು. ಕನ್ನಡ ಕಾಮೆಂಟರಿ ಸಮೇತ. ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವರ ಫೋನಲ್ಲೂ ಆರ್‌ಸಿಬಿ ಮ್ಯಾಚ್. ಆ ಕಡೆ ಡಿಸ್ನಿ ಸ್ಟಾರ್‌ನವರ ಹಾಟ್‌ಸ್ಟಾರ್ ಕಥೆ ಮುಗಿಯಿತು. 2022ರ ಅಕ್ಟೋಬರ್‌ನಲ್ಲಿ 6.13 ಕೋಟಿ ಚಂದಾದಾರರು ಇದ್ದರು, 2023ರ ಮಧ್ಯಕ್ಕೆ 4.04 ಕೋಟಿ. ಎಚ್‌ಬಿಒ ಸೀರೀಸ್‌ಗಳೂ 2023ರ ಮಾರ್ಚ್ 31ಕ್ಕೆ ಅಲ್ಲಿಂದ ಎದ್ದು ಜಿಯೋಸಿನಿಮಾಗೆ ಹೋದವು.

ಕೊನೆಗೆ ಹೊಡೆದಾಡಿದವರೇ ಮದುವೆ ಆದರು. 2024ರ ನವೆಂಬರ್‌ನಲ್ಲಿ ವಿಲೀನ, 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್. ಪ್ರೇಮಿಗಳ ದಿನ ಬೇರೆ! ಅದೇ ವರ್ಷದ ಐಪಿಎಲ್ ಪೂರ್ತಿ ಪುಕ್ಕಟೆ ಇರಲಿಲ್ಲ. ಸ್ವಲ್ಪ ಹೊತ್ತು ತೋರಿಸಿ, ಆಮೇಲೆ ಪ್ಯಾಕ್ ಹಾಕಿಸಿ ಅಂತ.

ತಟ್ಟೆಇಡ್ಲಿ_ಕ್ಯಾತ್ಸಂದ್ರ

ಮೊದಲ ಓವರ್ ಫ್ರೀ, ಕೊಹ್ಲಿ ಬಂದ ಮೇಲೆ ದುಡ್ಡು.

ಶಿರಾಗೇಟ್_07

ಆದರೂ ಬಟವಾಡಿ ಅವರೇ, ಒಂದಾಗಿದ್ದು ನಮಗೆ ಒಳ್ಳೆಯದೇ ಅಲ್ವಾ? ಅಪ್ಪನ ಕ್ರಿಕೆಟ್, ಅಮ್ಮನ ಒಂದು ಸೀರಿಯಲ್, ಬಿಗ್ ಬಾಸ್, ಇಂಗ್ಲಿಷ್ ಸಿನಿಮಾ ಎಲ್ಲಾ ಒಂದೇ ಆ್ಯಪ್‌ನಲ್ಲಿ. ನನಗೆ ಬೇಕಾಗಿದ್ದೂ ಅದೇ.

ಅಮಾನಿಕೆರೆ_ವಾಕರ್

ಇವತ್ತು ಒಳ್ಳೆಯದು. ನಾಳೆ ರೇಟ್ ಏರಿಸಿದರೆ ನಿಮ್ಮ ಅಪ್ಪನಿಗೆ ಬೇರೆ ದಾರಿ ಇದೆಯಾ? ಇಲ್ಲ. 70,352 ಕೋಟಿ ರೂಪಾಯಿ ಮೌಲ್ಯದ ಕಂಪನಿ ಅದು. ಟೀವಿಯಲ್ಲೂ ಅವರೇ, ಮೊಬೈಲ್‌ನಲ್ಲೂ ಅವರೇ, ಕ್ರಿಕೆಟ್ ಅವರದ್ದೇ. ಸ್ಪರ್ಧಾ ಆಯೋಗ 2024ರ ಆಗಸ್ಟ್‌ನಲ್ಲಿ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು, ಅದು ಬೇರೆ ಮಾತು. ಮುಂದಿನ ಹರಾಜಿನಲ್ಲಿ ಯಾರು ಎದುರಿಗೆ ನಿಲ್ಲುತ್ತಾರೆ ನೋಡೋಣ.

ಗುಬ್ಬಿ_ಕಂಪನಿ

ಎಲ್ಲರ ಮಾತೂ ಓದಿದೆ. ನಾನು ಗುಬ್ಬಿಯವನು, ಕೆಲಸ ಬೆಂಗಳೂರಲ್ಲಿ, ಕನ್ನಡ ಸಿನಿಮಾ ಎಡಿಟಿಂಗ್. ಹೆಸರು ಆ ದೊಡ್ಡ ನಾಟಕ ಕಂಪನಿಯ ಮೇಲಿನ ಅಭಿಮಾನಕ್ಕೆ ಇಟ್ಟುಕೊಂಡಿದ್ದು, ಬೇರೆ ಸಂಬಂಧ ಇಲ್ಲ.

ನೀವೆಲ್ಲಾ ಮಾತಾಡುತ್ತಿರುವುದು ಹತ್ತು ಜನ ಕೈ ಎತ್ತುವ ಹರಾಜಿನ ಬಗ್ಗೆ. ಐಪಿಎಲ್, ಆರ್‌ಆರ್‌ಆರ್, ಫ್ರೆಂಡ್ಸ್. ಅಲ್ಲಿ ಪೈಪೋಟಿ ಜಾಸ್ತಿ, ಕಷ್ಟ ನೋಡುವವರಿಗೆ. ನಮ್ಮ ಕಡೆ ಹರಾಜಿಗೆ ಯಾರೂ ಬರುವುದೇ ಇಲ್ಲ. ಇಲ್ಲಿ ಕಷ್ಟ ತೆಗೆಯುವವರಿಗೆ. ವರ್ಷಕ್ಕೆ ಇನ್ನೂರು ಆಸುಪಾಸು ಕನ್ನಡ ಸಿನಿಮಾ ಬರುತ್ತವೆ. ಅದರಲ್ಲಿ ಒಳ್ಳೆ ಮೊತ್ತಕ್ಕೆ ಡಿಜಿಟಲ್ ರೈಟ್ಸ್ ಹೋಗುವುದು ಕೈಬೆರಳಲ್ಲಿ ಎಣಿಸುವಷ್ಟು.

ಕೊರೋನಾ ಟೈಮಲ್ಲಿ ಆಸೆ ಹುಟ್ಟಿತ್ತು. 2020ರ ಜುಲೈನಲ್ಲಿ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಲಾ, ಒಂದು ವಾರ ಬಿಟ್ಟು ಫ್ರೆಂಚ್ ಬಿರಿಯಾನಿ, ಎರಡೂ ಥಿಯೇಟರ್ ಬಿಟ್ಟು ನೇರವಾಗಿ ಪ್ರೈಮ್‌ಗೆ ಬಂದವು. ಅಪ್ಪು ಸರ್ ಧೈರ್ಯ ಮಾಡಿದ್ದರು. ಮುಂದೆ ಹೀಗೇ ಅಂತ ಎಲ್ಲರೂ ಕಥೆ ಬರೆದಿಟ್ಟುಕೊಂಡರು. ಈಗ ಯಾವ ಆ್ಯಪ್‌ನವರ ಹತ್ತಿರ ಹೋದರೂ ಮೊದಲು ಥಿಯೇಟರ್‌ನಲ್ಲಿ ಓಡಲಿ, ಆಮೇಲೆ ಮಾತಾಡೋಣ ಅನ್ನುತ್ತಾರೆ. ಥಿಯೇಟರ್‌ನಲ್ಲಿ ಓಡಿದ ಮೇಲೆ ನಿಮ್ಮ ಹತ್ತಿರ ಯಾಕೆ ಬರಬೇಕು ಅಂತ ಕೇಳುವ ಹಾಗಿಲ್ಲ.

ಏಕಂ ನೋಡಿ. ರಕ್ಷಿತ್ ಶೆಟ್ಟಿ ಅವರಂಥವರ ಹೆಸರಿದ್ದ ಕನ್ನಡ ವೆಬ್ ಸೀರೀಸ್. 2020ರಲ್ಲಿ ಶುರುವಾಗಿದ್ದು. ಯಾವ ದೊಡ್ಡ ವೇದಿಕೆಯೂ ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಸ್ವಂತ ವೆಬ್‌ಸೈಟ್ ಮಾಡಿ ಬಿಟ್ಟರು. ಅವರ ಕಥೆಯೇ ಹೀಗಾದರೆ ತೋಟ ಅಡ ಇಟ್ಟು ಸಿನಿಮಾ ಮಾಡಿದ ನಮ್ಮ ಕಡೆ ನಿರ್ಮಾಪಕರ ಪಾಡೇನು?

ಶಿರಾಗೇಟ್ ಅವರೇ, ನಿಮ್ಮ ಬಾಡಿಗೆ ಸಿನಿಮಾ ಕೂಡ ಇದೇ ಜಾತಿಗೆ ಸೇರಿರಬಹುದು. ಮುಂಗಡ ಮೊತ್ತ ಕೊಡಲ್ಲ, ಬಾಡಿಗೆಗೆ ಹಾಕುತ್ತೇವೆ, ಬಂದದ್ದರಲ್ಲಿ ಪಾಲು ಅನ್ನುತ್ತಾರೆ. ಇಲ್ಲದಿದ್ದರೆ ಜನ ಎಷ್ಟು ಗಂಟೆ ನೋಡುತ್ತಾರೋ ಗಂಟೆಗೆ ಇಷ್ಟು ಅಂತ. ಆ ರೇಟ್ ಕೇಳಿದರೆ ನಗು ಬರುತ್ತದೆ, ಇಲ್ಲಿ ಬರೆಯಲ್ಲ.

ಪಾವಗಡದ_ಬಿಸಿಲು

ಗುಬ್ಬಿ ಅವರೇ, ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ನಮ್ಮ ಪಾವಗಡದಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡ. ಎರಡೂ ನೋಡುತ್ತೇವೆ. ತೆಲುಗಿನವರಿಗೆ ಆಹಾ ಇದೆ, 2020ರಲ್ಲಿ ಅಲ್ಲು ಅರವಿಂದ್ ಅವರೇ ಮುಂದೆ ನಿಂತು ಶುರು ಮಾಡಿದರು. ಬಂಗಾಳಿಗಳಿಗೆ ಹೊಯ್‌ಚೊಯ್ 2017ರಿಂದ ಇದೆ. ಕನ್ನಡದ ದೊಡ್ಡವರು ಯಾರು ಹಾಗೆ ಕೈಯಿಂದ ದುಡ್ಡು ಹಾಕಿದರು? ಹೊರಗಿನವರು ಬಂದು ಕೊಂಡುಕೊಳ್ಳಲಿ ಅಂತ ಕಾಯುವುದು, ಕೊಳ್ಳದಿದ್ದರೆ ಕನ್ನಡ ದ್ವೇಷ ಅನ್ನುವುದು.

ಇನ್ನೊಂದು. ಕನ್ನಡದವರು ಕನ್ನಡ ಸಿನಿಮಾಗೆ ಅಂತ ಚಂದಾ ಕಟ್ಟಿದ್ದನ್ನ ನಾನಂತೂ ಕಂಡಿಲ್ಲ. ಕ್ರಿಕೆಟ್‌ಗೆ ಕಟ್ಟುತ್ತಾರೆ, ಡೆಲಿವರಿ ಫ್ರೀ ಅಂತ ಕಟ್ಟುತ್ತಾರೆ. ಸಿನಿಮಾ ಅದರ ಜೊತೆಗೆ ಬಂದದ್ದು. ಆ್ಯಪ್‌ನವರ ಹತ್ತಿರ ಲೆಕ್ಕ ಇರುತ್ತದೆ ಸ್ವಾಮಿ, ಯಾರು ಯಾವ ಸಿನಿಮಾಗೋಸ್ಕರ ಚಂದಾ ತೆಗೆದುಕೊಂಡರು, ಎಷ್ಟು ನಿಮಿಷಕ್ಕೆ ಬಿಟ್ಟು ಹೋದರು ಅಂತ.

ಗುಬ್ಬಿ_ಕಂಪನಿ

ಬೇಜಾರಿಲ್ಲ ಪಾವಗಡ. ಮೊದಲ ಮಾತು ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ. ಎರಡನೆಯದು ಒಪ್ಪಲ್ಲ. ಆ ಲೆಕ್ಕ ಅವರ ಹತ್ತಿರ ಮಾತ್ರ ಇರುತ್ತದೆ, ನಮಗೆ ತೋರಿಸಲ್ಲ. ಟೀವಿಗಾದರೆ ಟಿಆರ್‌ಪಿ ಇತ್ತು, ಸರಿಯೋ ತಪ್ಪೋ ಎಲ್ಲರಿಗೂ ಕಾಣುತ್ತಿತ್ತು. ಥಿಯೇಟರ್‌ನಲ್ಲಿ ಬಾಲ್ಕನಿ ಎಷ್ಟು ತುಂಬಿತು ಅಂತ ಗೇಟ್‌ಕೀಪರ್ ಕೂಡ ಹೇಳುತ್ತಾನೆ. ಇಲ್ಲಿ ನಿಮ್ಮ ಸಿನಿಮಾ ಓಡಲಿಲ್ಲ ಸರ್ ಅಂದರೆ ಅಷ್ಟೇ, ಸುಮ್ನೆ ತಲೆ ಆಡಿಸಿ ಬರಬೇಕು. ವ್ಯಾಪಾರದಲ್ಲಿ ತಕ್ಕಡಿ ಒಬ್ಬನ ಕೈಯಲ್ಲೇ ಇದ್ದರೆ ಹೆಂಗೆ?

ಡಬ್ಬಿಂಗ್ ಕೂಡ ಸೇರಿಸಿಕೊಳ್ಳಿ. ನಾನು ಡಬ್ಬಿಂಗ್ ವಿರೋಧಿ ಅಲ್ಲ. ಆದರೆ ಒಂದು ದೊಡ್ಡ ತೆಲುಗು ಸಿನಿಮಾ ಕೊಂಡು ಕನ್ನಡ ಆಡಿಯೋ ಸೇರಿಸಿದರೆ ಕನ್ನಡದ ಖಾನೆ ಭರ್ತಿ ಆಯಿತು ಅಂತ ಅವರು ಅಂದುಕೊಳ್ಳುತ್ತಾರೆ. ಖರ್ಚು ತೀರಾ ಕಮ್ಮಿ. ಹೊಸ ಕನ್ನಡ ಸಿನಿಮಾ ಕೊಳ್ಳುವ ಅಗತ್ಯ ಏನು?

ಪಾವಗಡದ_ಬಿಸಿಲು

ನಮ್ಮಮ್ಮನಿಗೆ ಆ ಡಬ್ಬಿಂಗೇ ಇಷ್ಟ. ತೆಲುಗು ಹೀರೋ ಕನ್ನಡ ಮಾತಾಡಿದರೆ ಅವರಿಗೆ ಏನೋ ಖುಷಿ. 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಮಾಡುವವರೆಗೂ ನೀವು ಸಿನಿಮಾದವರು ಇದನ್ನೂ ತಡೆದಿದ್ದಿರಿ.

ಗುಬ್ಬಿ_ಕಂಪನಿ

ನಾನು ತಡೆದಿಲ್ಲ ತಾಯಿ/ತಂದೆ, ಆಗ ನಾನು ಎಸ್‌ಐಟಿ ಕಾಲೇಜಿನಲ್ಲಿ ಓದುತ್ತಿದ್ದೆ 🙏

ಹೆಬ್ಬೂರು_ಅಕ್ಕ

ಗುಬ್ಬಿ ಅವರೇ, ನಿಜಕ್ಕೂ ಒಂದು ಸಿನಿಮಾ ಆ್ಯಪ್‌ಗೆ ಹೋಗಬೇಕಾದರೆ ಏನೆಲ್ಲಾ ಆಗುತ್ತದೆ? ನನ್ನ ತಮ್ಮನ ಸ್ನೇಹಿತರು ಸೇರಿ ಸಣ್ಣ ಬಜೆಟ್‌ನಲ್ಲಿ ಒಂದು ಮಾಡಿದ್ದಾರೆ. ಮುಗಿದಿದೆ, ಇನ್ನೇನು ಅಪ್‌ಲೋಡ್ ಮಾಡುವುದಷ್ಟೇ ಅನ್ನುತ್ತಿದ್ದಾರೆ.

ಗುಬ್ಬಿ_ಕಂಪನಿ

ಅಕ್ಕ, ಅವರನ್ನ ಈಗಲೇ ತಡೆದು ನಿಲ್ಲಿಸಿ. ಅಪ್‌ಲೋಡ್ ಮಾಡುವುದು ಕೊನೆಯ ಕೆಲಸ.

ಹೆಚ್ಚಿನ ಸಲ ಸಣ್ಣ ಸಿನಿಮಾದವರ ಹತ್ತಿರ ಆ್ಯಪ್‌ನವರು ನೇರವಾಗಿ ಮಾತಾಡಲ್ಲ. ಮಧ್ಯೆ ಅಗ್ರಿಗೇಟರ್ ಅಂತ ಇರುತ್ತಾರೆ, ಅವರು ಕಮಿಷನ್ ಹಿಡಿಯುತ್ತಾರೆ. ಮೊದಲು ಕಾಗದ ಕೇಳುತ್ತಾರೆ. ಕಥೆ ಬರೆದವರು, ಸಂಗೀತ ಮಾಡಿದವರು, ನಟಿಸಿದವರು ಎಲ್ಲರ ಜೊತೆ ಲಿಖಿತ ಒಪ್ಪಂದ, ಹಕ್ಕು ನಿರ್ಮಾಪಕರದ್ದೇ ಅನ್ನುವುದಕ್ಕೆ ಸರಪಳಿ ಥರ ದಾಖಲೆ. ನಮ್ಮ ಕಡೆ ಸ್ನೇಹಿತರು ಅಂತ ಬಾಯಿಮಾತಲ್ಲೇ ಮುಗಿಸಿರುತ್ತೇವೆ, ಅಲ್ಲಿಗೇ ಅರ್ಧ ಸಿನಿಮಾ ನಿಲ್ಲುತ್ತದೆ. ಆಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಇದ್ದರೆ ಅದು, ಇಂಗ್ಲಿಷ್ ಸಬ್‌ಟೈಟಲ್, 5.1 ಸೌಂಡ್, ಮಾತು ಬೇರೆ ಮ್ಯೂಸಿಕ್ ಬೇರೆ ಮಾಡಿದ ಟ್ರ್ಯಾಕ್.

ಎಲ್ಲಾ ಕೊಟ್ಟ ಮೇಲೆ ಕ್ವಾಲಿಟಿ ಚೆಕ್ ರಿಪೋರ್ಟ್ ಬರುತ್ತದೆ, ಯಾವ ನಿಮಿಷ ಯಾವ ಸೆಕೆಂಡ್ ಅಂತ ಟೈಮ್‌ಕೋಡ್ ಹಾಕಿ ಸಾಲು ಸಾಲು ತಪ್ಪು. ನಾನು ಕೆಲಸ ಮಾಡಿದ ಒಂದರಲ್ಲಿ ಹೀರೋ ಟೀ ಅಂಗಡಿ ಮುಂದೆ ನಿಂತು ಮಾತಾಡುವ ಸೀನ್ ಇತ್ತು. ಹಿಂದೆ ಯಾರದೋ ಫೋನ್ ರಿಂಗ್ ಆಗುತ್ತದೆ, ಹಳೇ ಹಾಡಿನ ರಿಂಗ್‌ಟೋನ್, ಮೂರೋ ನಾಲ್ಕೋ ಸೆಕೆಂಡ್. ಲೊಕೇಶನ್‌ನಲ್ಲೇ ರೆಕಾರ್ಡ್ ಆಗಿದ್ದು, ಸಹಜವಾಗಿದೆ ಅಂತ ಡೈರೆಕ್ಟರ್ ಇಷ್ಟಪಟ್ಟು ಉಳಿಸಿಕೊಂಡಿದ್ದರು. ರಿಪೋರ್ಟ್‌ನಲ್ಲಿ ಆ ಸೆಕೆಂಡ್‌ಗೆ ಕೆಂಪು ಗೆರೆ. ಆಡಿಯೋ ಕಂಪನಿಯ ಅನುಮತಿ ಪತ್ರ ಕೊಡಿ, ಇಲ್ಲ ತೆಗೆಯಿರಿ. ಅದರ ಮೇಲೆಯೇ ಡೈಲಾಗ್ ಬಿದ್ದಿತ್ತು. ಹೀರೋನ ವಾಪಸ್ ಕರೆಸಿ ಎರಡು ಸಾಲು ಡಬ್ ಮಾಡಿಸಿ, ಟೀ ಅಂಗಡಿಯ ಗದ್ದಲ ಪೂರ್ತಿ ಹೊಸದಾಗಿ ಕೂರಿಸಿದೆವು. ಗೋಡೆಯ ಮೇಲಿದ್ದ ಇನ್ನೊಂದು ಸಿನಿಮಾದ ಪೋಸ್ಟರ್‌ನ ಮಸುಕು ಮಾಡಿದೆವು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಕಾಂತಾರ ಮೊದಲ ದಿನ ಪ್ರೈಮ್‌ಗೆ ಬಂದಾಗ ವರಾಹ ರೂಪಂ ಹಾಡಿನ ಮೂಲ ರಾಗ ಇರಲಿಲ್ಲ, ಬೇರೆ ಟ್ಯೂನ್ ಇತ್ತು, ನೆನಪಿದೆಯಾ? ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡ ತಮ್ಮ ನವರಸಂ ಹಾಡಿಗೆ ಹೋಲುತ್ತದೆ ಅಂತ ಕೋರ್ಟ್‌ಗೆ ಹೋಗಿತ್ತು. ಜನ ಗಲಾಟೆ ಮಾಡಿದರು, ಕೋರ್ಟ್ ತಡೆ ಸರಿದ ಮೇಲೆ ಹಾಡು ವಾಪಸ್ ಬಂತು.

ನಿಮ್ಮ ತಮ್ಮನ ಸ್ನೇಹಿತರಿಗೆ ನಾನು ಹೇಳುವುದು ಒಂದೇ: ಎಷ್ಟು ವರ್ಷಕ್ಕೆ ಬರೆಸಿಕೊಳ್ಳುತ್ತಿದ್ದಾರೆ ನೋಡಿಕೊಳ್ಳಲಿ. ಶಾಶ್ವತ ಹಕ್ಕು, ಎಲ್ಲಾ ಭಾಷೆ, ಎಲ್ಲಾ ದೇಶ ಅಂತ ಇದ್ದರೆ ಸಹಿ ಹಾಕುವ ಮೊದಲು ಲಾಯರ್‌ಗೆ ತೋರಿಸಲಿ. ದುಡ್ಡು ಕೊಡದೆ ಬೇರೆ ಕಡೆ ಕೊಡಬಾರದು ಅಂದರೆ ಬೇಡ ಅನ್ನಲಿ.

ಹೆಬ್ಬೂರು_ಅಕ್ಕ

ಅಯ್ಯೋ, ಇದನ್ನ ಹಾಗೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ತಮ್ಮ ಫೋನ್ ಮಾಡಿ "ಸಂಗೀತದವನ ಹತ್ತಿರ ಏನೂ ಬರೆಸಿಕೊಂಡಿಲ್ಲ ಅಕ್ಕ" ಅಂದ.

ಅಮಾನಿಕೆರೆ_ವಾಕರ್

ಸರ್ಕಾರಿ ವೇದಿಕೆ ಬಗ್ಗೆ ಯಾರೂ ಮಾತಾಡಲಿಲ್ಲ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಸಿಸ್ಪೇಸ್ ಅಂತ ಶುರು ಮಾಡಿತು. ನೋಡಿದ ಸಿನಿಮಾಗೆ ಮಾತ್ರ ದುಡ್ಡು, ಅದರಲ್ಲಿ ನಿರ್ಮಾಪಕರಿಗೆ ಪಾಲು. ನಮ್ಮಲ್ಲೂ 2025-26ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡ ಸಿನಿಮಾಗಳಿಗೆ ಒಂದು ಓಟಿಟಿ ವೇದಿಕೆ ಮಾಡುತ್ತೇವೆ ಅಂದರು. ಅದೇ ಬಜೆಟ್‌ನಲ್ಲಿ ಟಿಕೆಟ್ 200 ರೂಪಾಯಿ ಮಿತಿಯ ಮಾತೂ ಇತ್ತು, ಅದು ಹೈಕೋರ್ಟ್‌ನಲ್ಲಿ ತಡೆ ಕಂಡಿತು. ಓಟಿಟಿ ಬಗ್ಗೆ ನನಗೆ ಆಸೆ ಇದೆ. ಕನಿಷ್ಠ ಪ್ರಶಸ್ತಿ ಬಂದ, ಯಾವ ಆ್ಯಪ್‌ನಲ್ಲೂ ಇಲ್ಲದ ಹಳೆಯ ಸಿನಿಮಾಗಳು ಸಿಕ್ಕರೂ ಸಾಕು.

ಕೇಬಲ್_ಅಣ್ಣ_ತಿಪಟೂರು

ಮೇಷ್ಟ್ರೇ, ಸರ್ಕಾರಿ ವೆಬ್‌ಸೈಟ್‌ನಲ್ಲಿ ಪಹಣಿ ತೆಗೆಯೋಕೇ ಸರ್ವರ್ ಬ್ಯುಸಿ ಬರುತ್ತದೆ. ಶುಕ್ರವಾರ ರಾತ್ರಿ ಎಲ್ಲರೂ ಒಟ್ಟಿಗೆ ಸಿನಿಮಾ ಹಾಕಿದರೆ? ಆಸೆ ಇರಲಿ, ನಾನು ಬೇಡ ಅನ್ನಲ್ಲ.

ಕೌಂಟರ್‌ನಲ್ಲಿ ಕೂತವನಾಗಿ ಒಂದು ಹೇಳುತ್ತೇನೆ. ಬೇರೆಲ್ಲೂ ಸಿಗದ ಒಳ್ಳೊಳ್ಳೆ ಎಕ್ಸ್‌ಕ್ಲೂಸಿವ್ ಸೀರೀಸ್ ಇದೆ ಅಂತ ಪ್ಯಾಕ್ ಕೇಳಿ ಬರುವವರು ಕಮ್ಮಿ. ಮಾರ್ಚ್ ಬಂದರೆ ಕ್ರಿಕೆಟ್ ಪ್ಯಾಕ್. ಬಿಗ್ ಬಾಸ್ ಶುರುವಾದರೆ ಅದಕ್ಕೆ. ಹೆಂಗಸರು ಕೇಳುವುದು ಸೀರಿಯಲ್ ಟೀವಿಗಿಂತ ಮೊದಲೇ ಎಲ್ಲಿ ಬರುತ್ತದೆ ಅಂತ. ನಮ್ಮೂರ ಮಟ್ಟಿಗೆ ನಿಜವಾದ ಎಕ್ಸ್‌ಕ್ಲೂಸಿವ್ ಅಂದರೆ ನಾಳೆಯ ಎಪಿಸೋಡ್ ಇವತ್ತೇ ಸಿಗುವುದು. ಆ್ಯಪ್‌ನವರಿಗೂ ಇದು ಗೊತ್ತು. ಅದಕ್ಕೇ ರೀಚಾರ್ಜ್ ಜೊತೆ, ಫೈಬರ್ ಜೊತೆ ಕಟ್ಟಿ ಕೊಡುತ್ತಾರೆ.

ಬಟವಾಡಿ_ಬ್ಯಾಟ್ಸ್‌ಮನ್

ಎಕ್ಸ್‌ಕ್ಲೂಸಿವ್ ಅನ್ನುವುದು ಈಗ ಸಡಿಲ ಆಗುತ್ತಿದೆ ಅಂತ ನನಗನ್ನಿಸುತ್ತದೆ. ಅಮೆರಿಕದಲ್ಲಿ ವಾರ್ನರ್‌ನವರು ಎಚ್‌ಬಿಒದ ಕೆಲವು ಸೀರೀಸ್‌ಗಳನ್ನ 2023ರಲ್ಲಿ ನೆಟ್‌ಫ್ಲಿಕ್ಸ್‌ಗೇ ಕೊಟ್ಟರು. ಸೂಟ್ಸ್ ಅನ್ನುವ ಹಳೇ ವಕೀಲರ ಸೀರೀಸ್ ಅದೇ ವರ್ಷ ನೆಟ್‌ಫ್ಲಿಕ್ಸ್‌ಗೆ ಬಂದು, ಜನ ಏನು ಎಷ್ಟು ನೋಡುತ್ತಾರೆ ಅಂತ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದ ಪ್ರಕಾರ ಅಮೆರಿಕದಲ್ಲಿ 5,770 ಕೋಟಿ ನಿಮಿಷ ಓಡಿತು. ಸ್ವಂತ ಆ್ಯಪ್‌ನಲ್ಲಿ ಬಚ್ಚಿಟ್ಟುಕೊಂಡು ನಷ್ಟ ಮಾಡಿಕೊಳ್ಳುವುದಕ್ಕಿಂತ ಮಾರಿ ದುಡ್ಡು ಎಣಿಸುವುದು ಮೇಲು ಅಂತ ಅವರಿಗೆ ಅನಿಸಿದೆ.

ನೋಡುವವರಿಗೆ ಮಾತ್ರ ಕಡಿಮೆ ಆಗಿಲ್ಲ. ಪ್ರೈಮ್‌ನಲ್ಲಿ 2025ರ ಜೂನ್‌ನಿಂದ ಜಾಹೀರಾತು. ಬೇಡ ಅಂದರೆ ವರ್ಷಕ್ಕೆ ಇನ್ನೂ 699 ಕಟ್ಟಬೇಕು. ಜಾಹೀರಾತು ಬೇಡ ಅಂತಲೇ ತಾನೇ ಟೀವಿ ಬಿಟ್ಟು ಬಂದಿದ್ದು!

ಪುಷ್‌ಪುಲ್_ಪ್ಯಾಸೆಂಜರ್

ಕಾಂತಾರ ಚಾಪ್ಟರ್ 1 ಅಕ್ಟೋಬರ್ 2ಕ್ಕೆ ರಿಲೀಸ್ ಆಗಿ ಅಕ್ಟೋಬರ್ 31ಕ್ಕೇ ಪ್ರೈಮ್‌ಗೆ ಬಂತಲ್ಲ, 2025ರಲ್ಲಿ. ಹಿಂದಿ ಮಾತ್ರ ನವೆಂಬರ್ 27ಕ್ಕೆ. ಅದು ಯಾಕೆ? ನಮ್ಮ ಆಫೀಸಿನ ಹಿಂದಿಯವರು ಹೊಟ್ಟೆ ಉರಿದುಕೊಂಡಿದ್ದರು.

ಗುಬ್ಬಿ_ಕಂಪನಿ

ಹಿಂದಿ ಸಿನಿಮಾ ಹಾಕುವ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಎಂಟು ವಾರ ಓಟಿಟಿಗೆ ಕೊಡಬಾರದು ಅಂತ ಪಟ್ಟು ಹಿಡಿಯುತ್ತವೆ. ದಕ್ಷಿಣದಲ್ಲಿ ನಾಲ್ಕು ವಾರಕ್ಕೇ ಬಿಡುತ್ತಾರೆ. ಬೇಗ ಬಿಟ್ಟರೆ ಆ್ಯಪ್‌ನವರು ಜಾಸ್ತಿ ಕೊಡುತ್ತಾರೆ. ಆದರೆ ನಾಲ್ಕು ವಾರದಲ್ಲಿ ಮನೆಗೇ ಬರುತ್ತದೆ ಅಂತ ಗೊತ್ತಾದ ಮೇಲೆ ತುಮಕೂರಿನ ಜನ ಥಿಯೇಟರ್‌ಗೆ ಯಾಕೆ ಬರುತ್ತಾರೆ? ಆಮೇಲೆ ಥಿಯೇಟರ್‌ನಲ್ಲಿ ಓಡಲಿಲ್ಲ ಅಂತ ಅದೇ ಆ್ಯಪ್‌ನವರು ಮುಂದಿನ ಸಿನಿಮಾಗೆ ರೇಟ್ ಇಳಿಸುತ್ತಾರೆ. ದೊಡ್ಡ ಸಿನಿಮಾ ತಡೆದುಕೊಳ್ಳುತ್ತದೆ. ಸಣ್ಣದು ಎರಡೂ ಕಡೆ ಸೋಲುತ್ತದೆ.

ಹಾಗಂತ ಬರೀ ಗೋಳಿಲ್ಲ. ಸು ಫ್ರಮ್ ಸೋ ಥಿಯೇಟರ್‌ನಲ್ಲಿ ಬಾಯಿಮಾತಿನಿಂದಲೇ ಓಡಿತು, 2025ರ ಸೆಪ್ಟೆಂಬರ್‌ನಲ್ಲಿ ಜಿಯೋಹಾಟ್‌ಸ್ಟಾರ್‌ಗೆ ಬಂತು. ಜೀ5ನವರು ಅದೇ ವರ್ಷ ಏಪ್ರಿಲ್‌ನಲ್ಲಿ ಅಯ್ಯನ ಮನೆ ಅಂತ ಕನ್ನಡ ಸೀರೀಸ್ ತಂದರು. ಇನ್ನೊಬ್ಬರೋ ಇಬ್ಬರೋ ಗಟ್ಟಿಯಾಗಿ ಕನ್ನಡಕ್ಕೆ ಇಳಿದರೆ ರೇಟ್ ತಾನಾಗಿ ಏರುತ್ತದೆ. ಆಗ ನೀವು ಐದನೇ ಆ್ಯಪ್‌ಗೆ ದುಡ್ಡು ಕಟ್ಟಬೇಕು ಅಂತ ಬೈಯುತ್ತೀರಿ, ನಾನು ಕೇಳಿಸಿಕೊಂಡು ನಗುತ್ತೇನೆ.

ಶಿರಾಗೇಟ್_07

ಅಯ್ತು ಬೈಯಲ್ಲ ಬಿಡಿ. ಎಲ್ಲಾ ಓದಿದ ಮೇಲೆ ಮನೆಯಲ್ಲಿ ಒಂದು ತೀರ್ಮಾನ ಆಗಿದೆ. ಅಪ್ಪನ ಕ್ರಿಕೆಟ್ ಪ್ಯಾಕ್ ಸೀಸನ್‌ಗೆ ಮಾತ್ರ. ತಮ್ಮನ ನೆಟ್‌ಫ್ಲಿಕ್ಸ್ ಇಡೀ ವರ್ಷ ಬೇಡ, ಒಂದು ತಿಂಗಳು ತೆಗೆದುಕೊಂಡು ಎಲ್ಲಾ ನೋಡಿ ಮುಗಿಸಿ ನಿಲ್ಲಿಸಲಿ. ಅಮ್ಮನ ಜೀ5 ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಆ ಬಾಡಿಗೆ ಸಿನಿಮಾ ದುಡ್ಡು ಕೊಟ್ಟು ನೋಡಿದೆವು. ಮೊದಲರ್ಧ ಚೆನ್ನಾಗಿದೆ.

ಕೇಬಲ್_ಅಣ್ಣ_ತಿಪಟೂರು

ಒಳ್ಳೆ ಲೆಕ್ಕ. ಆದರೆ ತಿಂಗಳ ಪ್ಯಾಕ್ ಹಾಕಿಸಿದ ದಿನವೇ ಆಟೋ ಡೆಬಿಟ್ ಆಫ್ ಮಾಡಿ. ಆಫ್ ಮಾಡಿದರೂ ಆ ತಿಂಗಳು ಮುಗಿಯುವವರೆಗೆ ಸಾಮಾನ್ಯವಾಗಿ ನಡೆಯುತ್ತದೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಬೇರೆ ಪಟ್ಟಿ ಇರುತ್ತದೆ, ಅಲ್ಲೂ ಒಂದು ಸಲ ಕಣ್ಣು ಹಾಯಿಸಿ.

ಪಾವಗಡದ_ಬಿಸಿಲು

ಗುಬ್ಬಿ ಅವರೇ, ಆ ರಿಂಗ್‌ಟೋನ್ ಸಿನಿಮಾ ಯಾವುದು? ಬಾಡಿಗೆ ಕಟ್ಟಿಯೇ ನೋಡುತ್ತೇನೆ, ಕನ್ನಡದವರು ಕಟ್ಟಲ್ಲ ಅಂತ ನಾನೇ ಹೇಳಿದ್ದಲ್ವಾ.

ಗುಬ್ಬಿ_ಕಂಪನಿ

ಇನ್ನೂ ಎಲ್ಲೂ ಬಂದಿಲ್ಲ. ಎರಡು ಕಡೆ ಮಾತುಕತೆ ನಡೆಯುತ್ತಿದೆ, ಸಹಿ ಆಗುವವರೆಗೆ ಹೆಸರು ಹೇಳುವ ಹಾಗಿಲ್ಲ ಅಂತ ಕಾಗದದಲ್ಲೇ ಇದೆ. ಬಂದ ದಿನ ಇಲ್ಲೇ ಹಾಕುತ್ತೇನೆ.